ವಠಾರಕ್ಕೆ ಒಂದೇ ಬಾಗಿಲು

ವಠಾರದಲ್ಲಿ ಬಾಳಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಬೀದಿಗೆ ಒಂದೇ ಬಾಗಿಲು, ಒಳಗೆ ಆರೇಳು ಸಂಸಾರ. ಅಂಚೆಯವನು ಬಾಗಿಲಲ್ಲಿ ನಿಂತು ಒಂದು ಹೆಸರು ಕೂಗಿದರೆ ಅಷ್ಟೂ ಮನೆಯವರ ಕಿವಿ ಅತ್ತ ತಿರುಗುತ್ತದೆ. ಕಾಗದ ಬಂದಿರುವುದು ಒಬ್ಬರಿಗೆ, ಬಂದ ಸುದ್ದಿ ಎಲ್ಲರಿಗೂ. ಯಾರ ಮನೆಯ ಒಗ್ಗರಣೆಗೆ ಇಂಗು ಬಿತ್ತು, ಯಾರ ಮಗ ಗಣಿತದಲ್ಲಿ ನಪಾಸಾದ ಎಂಬುದೆಲ್ಲ ಸಂಜೆಯೊಳಗೆ ಗೋಡೆ ದಾಟಿರುತ್ತದೆ. ಇದರಲ್ಲಿ ಸುಖವೂ ಉಂಟು, ಫಜೀತಿಯೂ ಉಂಟು.

ಕಂಪ್ಯೂಟರುಗಳನ್ನು ತಂತಿಯಿಂದ ಒಂದಕ್ಕೊಂದು ಜೋಡಿಸಿದಾಗ ಆಗುವುದೂ ಇಂಥದೇ ಒಂದು ವಠಾರ. ಒಂದು ಕಂಪ್ಯೂಟರಿಗೆ ಇನ್ನೊಂದರ ಬಳಿ ಕೆಲಸವಿದೆ ಎನ್ನಿ. ಅದು ಮೊದಲು ಮಾಡುವುದು ಕೂಗುವುದನ್ನು: 'ಇಂಥ ವಿಳಾಸದವರು ಯಾರಪ್ಪಾ?' ಈ ಕೂಗಿಗೆ ಬ್ರಾಡ್‌ಕಾಸ್ಟ್ ಎಂದು ಹೆಸರು. ಜಾಲದಲ್ಲಿರುವ ಅಷ್ಟೂ ಯಂತ್ರಗಳು ಅದನ್ನು ಕೇಳಿಸಿಕೊಳ್ಳುತ್ತವೆ, ಸಂಬಂಧಪಟ್ಟದ್ದು ಮಾತ್ರ 'ನಾನೇ' ಎಂದು ಉತ್ತರ ಕೊಡುತ್ತದೆ. ಹತ್ತು ಯಂತ್ರಗಳಿದ್ದರೆ ಇದೇನೂ ತೊಂದರೆಯಲ್ಲ. ಇನ್ನೂರಾದರೆ ಸಂತೆ. ಗಲಾಟೆಯನ್ನಾದರೂ ತಡೆದುಕೊಳ್ಳಬಹುದು; ಒಬ್ಬರ ಮನೆಯ ಬಾಗಿಲು ಇನ್ನೊಬ್ಬರಿಗೆ ಸದಾ ಕಾಣುತ್ತಿರುವುದು ಅದಕ್ಕಿಂತ ದೊಡ್ಡ ತೊಂದರೆ.

ನಾನು ಕೆಲಸ ಮಾಡುತ್ತಿದ್ದ ಡಿಪ್ಲೊಮಾ ಕಾಲೇಜಿನಲ್ಲಿ ಈ ತೊಂದರೆ ಒಬ್ಬ ಹುಡುಗನ ಓದಿಗೇ ಕುತ್ತು ತರುವುದರಲ್ಲಿತ್ತು. ಕಾಲೇಜಿನ ಹೆಸರೂ ಹುಡುಗನ ಹೆಸರೂ ಇಲ್ಲಿ ಬೇಡ. ನಾನು ಅಲ್ಲಿ ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್. ಹಳೆಯ ಕಟ್ಟಡದಲ್ಲಿ ಕಚೇರಿ, ಪರೀಕ್ಷಾ ವಿಭಾಗ ಮತ್ತು ಒಂದು ಲ್ಯಾಬು. ರಸ್ತೆಯಾಚೆಯ ಹೊಸ ಕಟ್ಟಡದಲ್ಲಿ ಎರಡು ಲ್ಯಾಬು, ಗ್ರಂಥಾಲಯ, ಒಂದು ಸೆಮಿನಾರ್ ಹಾಲು. ಎರಡು ಕಟ್ಟಡಗಳ ನಡುವೆ ನೆಲದಡಿಯಲ್ಲಿ ಎಳೆದ ಒಂದೇ ಆಪ್ಟಿಕಲ್ ಫೈಬರ್ ಕೇಬಲ್ಲು. ತಾಮ್ರದ ಸಾಧಾರಣ ಜಾಲದ ತಂತಿ ನೂರು ಮೀಟರಿಗಿಂತ ಹೆಚ್ಚು ದೂರಕ್ಕೆ ಒದಗುವುದಿಲ್ಲವಾದ್ದರಿಂದ ಫೈಬರ್ ಹಾಕಿಸಿದ್ದರು. ಜಾಲ ಜೋಡಿಸಲು ಬಂದ ಗುತ್ತಿಗೆದಾರರು ಸ್ವಿಚ್ ಎಂಬ ಪೆಟ್ಟಿಗೆಗಳನ್ನು ಹೊರತೆಗೆದು, ಕರೆಂಟು ಕೊಟ್ಟು, ಕಂಡ ಕಂಡ ತೂತಿಗೆ ತಂತಿ ಚುಚ್ಚಿ, ದೀಪ ಮಿನುಗಿದ್ದನ್ನು ತೋರಿಸಿ, ಸಹಿ ಹಾಕಿಸಿಕೊಂಡು ಹೋಗಿದ್ದರು. ಇಡೀ ಕಾಲೇಜು ಒಂದೇ ವಠಾರವಾಗಿತ್ತು.

2016ರ ಸೆಪ್ಟೆಂಬರಿನಲ್ಲಿ ಒಂದು ದಿನ ಎರಡನೆಯ ವರ್ಷದ ಹುಡುಗನೊಬ್ಬ ಹೊಸ ಕಟ್ಟಡದ ಲ್ಯಾಬಿನಲ್ಲಿ ಕುಳಿತು, ಪ್ರಾಕ್ಟಿಕಲ್ ಮುಗಿದ ಮೇಲೆ, ಪರದೆಯ ಮೇಲಿದ್ದ ನೆಟ್‌ವರ್ಕ್ ಎಂಬ ಚಿತ್ರವನ್ನು ಒತ್ತಿ ನೋಡಿದ. ಲ್ಯಾಬಿನ ಕಂಪ್ಯೂಟರುಗಳ ಸಾಲಿನಲ್ಲಿ ಪರೀಕ್ಷಾ ವಿಭಾಗದ್ದೂ ಕಂಡಿತು. ಒತ್ತಿದ, ತೆರೆಯಿತು. ಒಳಗೆ ಒಂದು ಫೋಲ್ಡರು, ಅದರಲ್ಲಿ ಇಂಟರ್ನಲ್ ಅಂಕಗಳ ಪಟ್ಟಿ. ಪಾಸ್‌ವರ್ಡು ಇರಲಿಲ್ಲ. ಅಂಕಗಳನ್ನು ನೋಡಿ ಪಕ್ಕದವನಿಗೆ ಹೇಳಿದ. ಪಕ್ಕದವನು ಇಡೀ ಹಾಸ್ಟೆಲಿಗೆ ಹೇಳಿದ. ಮಾರನೆಯ ದಿನ ಸುದ್ದಿ ಸ್ಟಾಫ್ ರೂಮು ಮುಟ್ಟುವ ಹೊತ್ತಿಗೆ 'ಅಂಕ ನೋಡಿದ' ಎಂಬುದು 'ಅಂಕ ತಿದ್ದಿದ' ಎಂದಾಗಿತ್ತು.

ಅವನ ತಂದೆಗೆ ಫೋನು ಹೋಯಿತು. ಅವರು ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ಸುಲಿಯುವ ಕೆಲಸದವರು. ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಾಯಿಸಿ ಬಂದರು. ಪ್ರಿನ್ಸಿಪಾಲರ ಕೋಣೆಯಲ್ಲಿ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸಾ, ನಮ್ ಹುಡ್ಗ ಏನೋ ಕದ್ದವ್ನೆ ಅಂತ ಹೇಳುದ್ರು. ಏನ್ ಕದ್ದ ಅಂತ ನಂಗೆ ತಿಳೀನಿಲ್ಲ. ಹೇಳಿ, ಕೂಲಿ ಮಾಡಾದ್ರೂ ಕಟ್ಕೊಡ್ತೀನಿ" ಎಂದರು.

ಆ ಮಾತಿಗೆ ಕೋಣೆಯಲ್ಲಿದ್ದ ನಾವಾರೂ ತಟ್ಟನೆ ಉತ್ತರ ಕೊಡಲಾಗಲಿಲ್ಲ. ಏನು ಕದ್ದ ಎಂದು ಹೇಳುವುದು? ಹುಡುಗ ತಲೆ ತಗ್ಗಿಸಿ ನಿಂತಿದ್ದ. ಪರೀಕ್ಷಾ ವಿಭಾಗದವರು ಅವನನ್ನು ಆ ವರ್ಷದ ಮಟ್ಟಿಗೆ ಹೊರಗಿಡಬೇಕೆಂದು ಪಟ್ಟು ಹಿಡಿದಿದ್ದರು. ನಾನು ಕೇಳಿಕೊಂಡದ್ದು ಎರಡು ವಿಷಯ. ಮೊದಲನೆಯದು, ಆ ಕಡತವನ್ನು ಕೊನೆಯ ಬಾರಿ ತಿದ್ದಿದ್ದು ಯಾವಾಗ ಎಂದು ನೋಡೋಣ. ಕಂಪ್ಯೂಟರು ಪ್ರತಿಯೊಂದು ಕಡತದ ಜೊತೆಗೂ ಅದರ ತಾರೀಕು, ಗಂಟೆಗಳನ್ನು ಬರೆದಿಟ್ಟಿರುತ್ತದಲ್ಲ. ನೋಡಿದಾಗ, ಹುಡುಗ ಅದನ್ನು ತೆರೆಯುವುದಕ್ಕೆ ನಾಲ್ಕು ದಿನ ಮೊದಲು ಗುಮಾಸ್ತರು ಉಳಿಸಿದ್ದೇ ಕೊನೆಯದಾಗಿತ್ತು. ಕಚೇರಿಯ ರಿಜಿಸ್ಟರಿನಲ್ಲಿ ಕೈಯಿಂದ ಬರೆದಿದ್ದ ಅಂಕಗಳಿಗೂ ಅದಕ್ಕೂ ತಾಳೆಯಾಯಿತು. ಎರಡನೆಯದು, ಬಾಗಿಲು ತೆರೆದಿತ್ತೋ ಮುರಿದದ್ದೋ ಎಂದು ತೀರ್ಮಾನಿಸೋಣ. ಈ ಎರಡನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಹುಡುಗನಲ್ಲ, ನಮ್ಮ ಜಾಲ.

ಪ್ರಿನ್ಸಿಪಾಲರು ಒಳ್ಳೆಯವರು. ಹುಡುಗನಿಂದ ಒಂದು ಪತ್ರ ಬರೆಸಿಕೊಂಡು, ತಂದೆಯವರಿಗೆ ಕಾಫಿ ತರಿಸಿಕೊಟ್ಟು ಕಳಿಸಿದರು. ಆಮೇಲೆ ನನ್ನತ್ತ ತಿರುಗಿ, "ಸರಿ ಮೇಡಂ, ಬಾಗಿಲು ನೀವೇ ಹಾಕಿಸಿ" ಎಂದರು.

ಮೊದಲು ಆ ಫೋಲ್ಡರಿಗೆ ಪಾಸ್‌ವರ್ಡು ಹಾಕಿಸಿದೆವು. ಅದು ಒಂದು ಗಳಿಗೆಯ ಕೆಲಸ. ಆದರೆ ಲ್ಯಾಬಿನ ಮಕ್ಕಳಿಗೆ ಕಚೇರಿಯ ಯಂತ್ರಗಳು ಕಾಣಲೇಬಾರದು ಎಂದರೆ ಜಾಲವನ್ನೇ ಬೇರ್ಪಡಿಸಬೇಕು. ಕಚೇರಿಗೆ ಒಂದು, ಲ್ಯಾಬುಗಳಿಗೆ ಒಂದು, ಸೆಮಿನಾರ್ ಹಾಲಿನ ವೈಫೈಗೆ ಇನ್ನೊಂದು. ಗ್ರಂಥಾಲಯದ ಗುಮಾಸ್ತರ ಯಂತ್ರ ಹೊಸ ಕಟ್ಟಡದಲ್ಲಿದ್ದರೂ ಅದು ಕಚೇರಿಯ ಜಾಲಕ್ಕೇ ಸೇರಬೇಕು. ಗುತ್ತಿಗೆದಾರರನ್ನು ಕೇಳಿದರೆ, ಮೂರು ಜಾಲಕ್ಕೆ ಮೂರು ಸ್ವಿಚ್ಚು, ಎರಡೂ ಕಟ್ಟಡದಲ್ಲಿ. ನಡುವೆ ಮೂರು ಜೋಡಿ ಫೈಬರು, ಒಂದೊಂದು ತುದಿಗೂ ಬೆಳಕನ್ನು ವಿದ್ಯುತ್ತಾಗಿಸುವ ಒಂದೊಂದು ಬಿಡಿಭಾಗ ಎಂದು ಉದ್ದನೆಯ ಪಟ್ಟಿ ಕೊಟ್ಟರು. ನಾಳೆ ನಾಲ್ಕನೆಯ ಜಾಲ ಬೇಕಾದರೆ ಮತ್ತೆ ಇದೇ ರಾಮಾಯಣ. ದುಡ್ಡಂತೂ ಇರಲಿಲ್ಲ.

ತಮಾಷೆಯೆಂದರೆ, ಬೇಕಾದ ಸಾಮಾನು ನಮ್ಮ ಮನೆಯಲ್ಲೇ ಇತ್ತು. ಎರಡೂ ಕಟ್ಟಡಗಳಲ್ಲಿದ್ದ 24 ಪೋರ್ಟುಗಳ ಸ್ವಿಚ್ಚುಗಳು ಹೇಳಿದ ಮಾತು ಕೇಳುವ ಜಾತಿಯವು. ಆದರೆ ಅವಕ್ಕೆ ಅದುವರೆಗೆ ಯಾರೂ ಏನನ್ನೂ ಹೇಳಿಯೇ ಇರಲಿಲ್ಲ.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ಈಥರ್ನೆಟ್ ಎಂಬ ಜಾಲಪದ್ಧತಿಯನ್ನು 1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಬಾಬ್ ಮೆಟ್ಕಾಫ್ ಮತ್ತು ಡೇವಿಡ್ ಬಾಗ್ಸ್ ರೂಪಿಸಿದರು. ಆಗ ಎಲ್ಲ ಯಂತ್ರಗಳಿಗೂ ಒಂದೇ ಉದ್ದನೆಯ ತಂತಿ, ಒಬ್ಬರು ಆಡಿದ್ದು ಎಲ್ಲರಿಗೂ. 1980ರ ದಶಕದಲ್ಲಿ ಬೆಲ್‌ಕೋರ್ ಸಂಸ್ಥೆಯಲ್ಲಿದ್ದ ಡೇವಿಡ್ ಸಿನ್‌ಕೋಸ್ಕಿ ಎಂಬ ಎಂಜಿನಿಯರು ಇಂಥ ಜಾಲವನ್ನು ದೊಡ್ಡದು ಮಾಡುವುದು ಹೇಗೆ ಎಂದು ಯೋಚಿಸುತ್ತ, ಒಂದೇ ತಂತಿಯ ಮೇಲೆ ಹಲವು ಜಾಲಗಳು ಬೇರೆಬೇರೆಯಾಗಿಯೇ ಬಾಳಬಹುದೆಂಬ ಉಪಾಯಕ್ಕೆ ಬಂದರು. ವರ್ಚುವಲ್ ಲ್ಯಾನ್, ಚಿಕ್ಕದಾಗಿ ವಿಲ್ಯಾನ್, ಎಂಬುದರ ಬೇರು ಅದು. ಕನ್ನಡದಲ್ಲಿ ತೋರಿಕೆಯ ಜಾಲ ಎನ್ನಬಹುದೇನೋ. ಆದರೆ ಅದು ಹಾಕುವ ಗೋಡೆ ಮಾತ್ರ ತೋರಿಕೆಯದಲ್ಲ.

ಒಂದೇ ಸ್ವಿಚ್ಚಿನೊಳಗೆ ಈ ಗೋಡೆ ಹಾಕುವುದು ಸುಲಭ. 1ರಿಂದ 8ರವರೆಗಿನ ಪೋರ್ಟು ಕಚೇರಿಯದು, ಅದಕ್ಕೆ 10 ಎಂಬ ಸಂಖ್ಯೆ. 9ರಿಂದ 20ರವರೆಗಿನದು ಲ್ಯಾಬಿನದು, ಅದಕ್ಕೆ 20 ಎಂದು ಹೇಳಿಬಿಟ್ಟರೆ ಆಯಿತು. ಕಚೇರಿಯ ಕೂಗು ಕಚೇರಿಯವರಿಗೆ ಮಾತ್ರ, ಲ್ಯಾಬಿನದು ಲ್ಯಾಬಿನವರಿಗೆ ಮಾತ್ರ. ಹೀಗೆ ಒಂದೇ ಜಾಲಕ್ಕೆ ಸೇರಿದ ಪೋರ್ಟನ್ನು ಆಕ್ಸೆಸ್ ಪೋರ್ಟ್ ಎನ್ನುತ್ತಾರೆ. ಕಷ್ಟ ಬರುವುದು ರಸ್ತೆ ದಾಟುವಾಗ. ನಡುವಿನ ಆ ಒಂದು ಫೈಬರು ಒಂದು ಪೋರ್ಟಿನಿಂದ ಹೊರಟು ಇನ್ನೊಂದು ಪೋರ್ಟಿಗೆ ಹೋಗುತ್ತದೆ. ಆ ಪೋರ್ಟನ್ನು ಯಾವ ಜಾಲಕ್ಕೆ ಸೇರಿಸುವುದು? ಕಚೇರಿಗೆ ಸೇರಿಸಿದರೆ ಲ್ಯಾಬಿನವರು ಈಚೆ ದಡದಲ್ಲೇ ಉಳಿದರು. ಲ್ಯಾಬಿಗೆ ಸೇರಿಸಿದರೆ ಗ್ರಂಥಾಲಯದ ಗುಮಾಸ್ತರು ಆಚೆ ದಡದಲ್ಲಿ ಉಳಿದರು. ಒಂದೇ ಪೋರ್ಟಿಗೆ ಎಲ್ಲ ಜಾಲಗಳ ಪ್ರವೇಶವೂ ಬೇಕು, ಆದರೆ ಯಾವುದೂ ಇನ್ನೊಂದರೊಡನೆ ಬೆರೆಯಬಾರದು.

ಇದನ್ನು ಪಾಲಕರಿಗೆ ಅರ್ಥವಾಗುವಂತೆ ಹೇಳಬೇಕೆಂದರೆ ಮಕ್ಕಳನ್ನು ಶಾಲೆಗೆ ಒಯ್ಯುವ ಆಟೋ ನೆನೆಸಿಕೊಳ್ಳಿ. ಆಟೋ ಒಂದೇ, ಮಕ್ಕಳು ಮೂರು ಶಾಲೆಯವರು. ಒಬ್ಬನದು ನೀಲಿ ಟೈ, ಒಬ್ಬಳದು ಕೆಂಪು, ಇನ್ನೊಬ್ಬನದು ಹಸಿರು. ಆಟೋದಲ್ಲಿ ತೊಡೆಗೆ ತೊಡೆ ತಾಗಿಸಿ ಕೂತಿದ್ದರೂ ಡ್ರೈವರು ಟೈ ನೋಡಿ ಅವರವರ ಶಾಲೆಯ ಗೇಟಿನಲ್ಲಿ ಇಳಿಸುತ್ತಾನೆ. ಶಾಲೆಗೊಂದು ಆಟೋ ಬೇಕಾಗಿಲ್ಲ. ಮಗುವಿಗೊಂದು ಗುರುತಿದ್ದರೆ ಸಾಕು.

ಸ್ವಿಚ್ಚು ಮಾಡುವುದೂ ಇದನ್ನೇ. ಜಾಲದಲ್ಲಿ ಮಾಹಿತಿ ಓಡಾಡುವುದು ಫ್ರೇಮ್ ಎಂಬ ಪೊಟ್ಟಣಗಳಲ್ಲಿ. ಪೊಟ್ಟಣದ ಮೊದಲಲ್ಲೇ ಯಾರಿಗೆ, ಯಾರಿಂದ ಎಂಬ ಎರಡು ವಿಳಾಸಗಳಿರುತ್ತವೆ. ರಸ್ತೆ ದಾಟಿಸುವ ಮೊದಲು ಸ್ವಿಚ್ಚು ಆ ವಿಳಾಸಗಳ ಹಿಂದೆಯೇ ನಾಲ್ಕು ಬೈಟುಗಳ ಒಂದು ಚೀಟಿ ಅಂಟಿಸುತ್ತದೆ. ಅದಕ್ಕೆ ಟ್ಯಾಗ್ ಎಂದು ಹೆಸರು. ಅದರಲ್ಲಿ ಮೊದಲ ಎರಡು ಬೈಟುಗಳು 'ಇಲ್ಲೊಂದು ಚೀಟಿ ಇದೆ' ಎಂದು ಸಾರುವುದಕ್ಕೆ. ಉಳಿದ ಎರಡು ಬೈಟುಗಳ 16 ಬಿಟ್‌ಗಳಲ್ಲಿ ಮೂರು, ಯಾರಿಗೆ ಮೊದಲು ದಾರಿ ಬಿಡಬೇಕೆಂಬುದಕ್ಕೆ. ಒಂದು, ದಟ್ಟಣೆಯಾದರೆ ಇದನ್ನು ಕೈಬಿಡಬಹುದೆ ಎಂಬುದಕ್ಕೆ. ಮಿಕ್ಕ 12, ಜಾಲದ ಸಂಖ್ಯೆಗೆ. 12 ಬಿಟ್‌ಗಳಲ್ಲಿ 4096 ಸಂಖ್ಯೆಗಳನ್ನು ಬರೆಯಬಹುದು. ಮೊದಲನೆಯದನ್ನೂ ಕೊನೆಯದನ್ನೂ ಬೇರೆ ಕೆಲಸಕ್ಕೆ ಮೀಸಲಿಟ್ಟಿರುವುದರಿಂದ ನಮಗೆ ಸಿಗುವುದು 4094. ಆಚೆ ತುದಿಯ ಸ್ವಿಚ್ಚು ಚೀಟಿ ಓದಿ, ಅದನ್ನು ಕಿತ್ತು, ಪೊಟ್ಟಣವನ್ನು ಆಯಾ ಜಾಲದ ಪೋರ್ಟಿಗೆ ಒಪ್ಪಿಸುತ್ತದೆ. ತನ್ನ ಪೊಟ್ಟಣಕ್ಕೆ ದಾರಿಯಲ್ಲಿ ಯಾರೋ ಚೀಟಿ ಅಂಟಿಸಿದ್ದರು, ಕಿತ್ತರು ಎಂಬುದು ಕಳಿಸಿದ ಕಂಪ್ಯೂಟರಿಗೂ ತಿಳಿಯದು, ಪಡೆದದ್ದಕ್ಕೂ ತಿಳಿಯದು.

ಹೀಗೆ ಹಲವು ಜಾಲಗಳನ್ನು ಹೊರುವ ಪೋರ್ಟನ್ನು ಟ್ರಂಕ್ ಎನ್ನುತ್ತಾರೆ. ಹಿರಿಯರಿಗೆ ಟ್ರಂಕ್ ಕಾಲ್ ನೆನಪಾದೀತು. ಸರಿಯೇ. ಊರೂರಿನ ಟೆಲಿಫೋನ್ ಎಕ್ಸ್‌ಚೇಂಜುಗಳ ನಡುವೆ ಹಲವರ ಮಾತನ್ನು ಹೊರುತ್ತಿದ್ದ ಲೈನಿಗೆ ಇದ್ದ ಹೆಸರೇ ಇಲ್ಲಿಗೂ ಬಂದಿದೆ. ಮೊದಮೊದಲು ಒಂದೊಂದು ಕಂಪನಿ ತನ್ನದೇ ರೀತಿಯ ಚೀಟಿ ಮಾಡಿಕೊಂಡಿತ್ತು. ಸಿಸ್ಕೋದವರ ಹಳೆಯ ಪದ್ಧತಿಯಲ್ಲಿ ಪೊಟ್ಟಣಕ್ಕೆ 30 ಬೈಟುಗಳ ಹೊಸ ಹೊದಿಕೆಯನ್ನೇ ಹಾಕುತ್ತಿದ್ದರು. ಒಬ್ಬರ ಸ್ವಿಚ್ಚಿನ ಗುರುತು ಇನ್ನೊಬ್ಬರದಕ್ಕೆ ಅರ್ಥವಾಗುತ್ತಿರಲಿಲ್ಲ. 1998ರಲ್ಲಿ ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ 802.1ಕ್ಯೂ ಎಂಬ ಸಾಮಾನ್ಯ ನಿಯಮವನ್ನು ಪ್ರಕಟಿಸಿತು. ಈ ಚೀಟಿಗೆ ಜಾಗ ಮಾಡಿಕೊಡಲು ಪೊಟ್ಟಣದ ಗರಿಷ್ಠ ಉದ್ದವನ್ನು 1518 ಬೈಟಿನಿಂದ 1522ಕ್ಕೆ ಏರಿಸಿದರು. ನಾಲ್ಕು ಬೈಟು ಎಷ್ಟರದು! ಆದರೆ ಅಷ್ಟರಲ್ಲಿ ನಮ್ಮ ಕಾಲೇಜಿಗೆ ಮೂರು ಕೇಬಲ್ಲಿನ ಖರ್ಚು ಉಳಿಯಿತು.

ಕೆಲಸ ಶುರು ಮಾಡುವಾಗ ನನಗೊಬ್ಬ ಜೊತೆಗಾರ ಬೇಕಾಗಿತ್ತು. ನಾನು ಪ್ರಿನ್ಸಿಪಾಲರಲ್ಲಿ ಕೇಳಿದ್ದು ಅದೇ ಹುಡುಗನನ್ನು. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಅವನೇ ಯಾಕೆ ಮೇಡಂ?" ಎಂದರು. "ಬಾಗಿಲು ತೆರೆದಿರೋದನ್ನ ಮೊದಲು ನೋಡಿದೋನು ಅವನು ಸರ್. ಸರಿಯಾಗಿ ಮುಚ್ಚಿದೆಯಾ ಅಂತಾನೂ ಅವನೇ ನೋಡಲಿ" ಎಂದೆ. ಎರಡು ದಿನ ಯೋಚಿಸಿ ಒಪ್ಪಿದರು. ಒಂದು ಷರತ್ತು ಹಾಕಿದರು: ಭಾನುವಾರ ಮಾತ್ರ, ಮತ್ತು ನಾನು ಪಕ್ಕದಲ್ಲಿರಬೇಕು.

ಮೂರು ಭಾನುವಾರ ಹಿಡಿಯಿತು. ಹುಡುಗ ಮೊದಲ ದಿನ ಕೀಲಿಮಣೆಯನ್ನು ಮುಟ್ಟಲೂ ಹೆದರುತ್ತಿದ್ದ. ಮೊದಲು ಕಾಗದದ ಮೇಲೆ ಬರೆಯಲು ಹೇಳಿದೆ: ಯಾವ ಪೋರ್ಟಿನಲ್ಲಿ ಯಾವ ತಂತಿ, ಅದರ ಇನ್ನೊಂದು ತುದಿ ಎಲ್ಲಿದೆ. ತಂತಿ ಹಿಡಿದು ಕೋಣೆಯಿಂದ ಕೋಣೆಗೆ ನಡೆದ. ಯಾರಿಗೂ ಗೊತ್ತಿಲ್ಲದ ಎರಡು ತಂತಿಗಳು ಸಿಕ್ಕವು. ಒಂದು ಬೀರುವಿನ ಹಿಂದೆ ಹೋಗಿ ಅಲ್ಲೇ ಮುಗಿದಿತ್ತು. ಕಚೇರಿಗೆ 10, ಲ್ಯಾಬಿಗೆ 20, ವೈಫೈಗೆ 30 ಎಂದು ಸಂಖ್ಯೆ ಕೊಟ್ಟೆವು. ನಡುವಿನ ಫೈಬರಿನ ಎರಡೂ ತುದಿಯ ಪೋರ್ಟುಗಳನ್ನು ಟ್ರಂಕ್ ಮಾಡಿ, ಈ ಮೂರು ಜಾಲಗಳಿಗೆ ಮಾತ್ರ ಇಲ್ಲಿ ಹಾದಿಯುಂಟು ಎಂದು ಪಟ್ಟಿ ಬರೆದೆವು. ಒಂದು ಜಾಲದಿಂದ ಇನ್ನೊಂದಕ್ಕೆ ಹೋಗಬೇಕಾದರೆ ರೂಟರಿನ ಮೂಲಕವೇ ಹೋಗಬೇಕು. ಆ ರೂಟರಿಗೂ ಒಂದೇ ತಂತಿ, ಅದೂ ಟ್ರಂಕೇ. ಎಲ್ಲರಿಗೂ ಇಂಟರ್‌ನೆಟ್ಟಿಗೆ ಹೋಗಲು ಬಿಡು, ಕಚೇರಿಯತ್ತ ಮಾತ್ರ ಯಾರನ್ನೂ ಬಿಡಬೇಡ ಎಂಬ ಕಟ್ಟುನಿಟ್ಟನ್ನು ಅಲ್ಲಿ ಬರೆದದ್ದಾಯಿತು. ಈ ನಿಯಮ ಬರೆಯದೆ ಗೋಡೆ ಮಾತ್ರ ಹಾಕಿದರೆ, ರೂಟರು ಒಳ್ಳೆಯತನದಿಂದ ಎಲ್ಲರನ್ನೂ ಎಲ್ಲೆಡೆಗೂ ಕರೆದೊಯ್ದುಬಿಡುತ್ತದೆ.

ಸೆಮಿನಾರ್ ಹಾಲಿನ ವೈಫೈ ಪೆಟ್ಟಿಗೆಯದೂ ಇದೇ ಕಥೆ. ಮೇಷ್ಟರುಗಳಿಗೊಂದು, ವಿದ್ಯಾರ್ಥಿಗಳಿಗೊಂದು ಎಂದು ಗಾಳಿಯಲ್ಲಿ ಎರಡು ಹೆಸರು ಕಾಣಿಸುತ್ತವೆ. ಗೋಡೆಯಿಂದ ಅದಕ್ಕೆ ಹೋಗುವ ತಂತಿ ಒಂದೇ. ಆ ತಂತಿಯ ಪೋರ್ಟಿಗೂ ಎರಡು ಜಾಲಗಳ ಪ್ರವೇಶ ಕೊಡದಿದ್ದರೆ ಒಂದು ಹೆಸರಿಗೆ ಸೇರಿದವರು ಸುಮ್ಮನೆ ಸುತ್ತುವ ಚಕ್ರ ನೋಡುತ್ತ ಕೂರಬೇಕು. ದೊಡ್ಡ ಕಚೇರಿಗಳಲ್ಲಿ ಮೇಜಿನ ಮೇಲಿನ ಇಂಟರ್‌ನೆಟ್ ಫೋನಿನ ಬೆನ್ನಿಗೆ ಕಂಪ್ಯೂಟರನ್ನು ಸಿಕ್ಕಿಸಿರುವುದನ್ನು ನೋಡಿರಬಹುದು. ಅಲ್ಲೂ ಅಷ್ಟೇ. ಮಾತಿಗೆ ಚೀಟಿ ಅಂಟಿಸಿ ಒಂದು ಜಾಲ, ಕಂಪ್ಯೂಟರಿಗೆ ಚೀಟಿಯಿಲ್ಲದೆ ಇನ್ನೊಂದು ಜಾಲ, ಗೋಡೆಯ ತೂತು ಒಂದೇ.

ಮೂರನೆಯ ಭಾನುವಾರ ಹುಡುಗನ ನಿಜವಾದ ಪರೀಕ್ಷೆ ನಡೆಯಿತು. ಅಷ್ಟರಲ್ಲಿ ಹೊಸ ಕಟ್ಟಡಕ್ಕೆ ಸಿಸಿಟಿವಿ ಕ್ಯಾಮರಾಗಳು ಬಂದಿದ್ದವು. ಅವಕ್ಕೆ 40 ಎಂಬ ನಾಲ್ಕನೆಯ ಜಾಲ. ಹಳೆಯ ಕಟ್ಟಡದಲ್ಲಿ ಕೂತು, ಅದೇ ಫೈಬರಿನ ಮೂಲಕ ರಸ್ತೆಯಾಚೆಯ ಸ್ವಿಚ್ಚಿನೊಳಗೆ ಹೊಕ್ಕು, ಟ್ರಂಕಿನ ಪಟ್ಟಿಗೆ 40ನ್ನು ಸೇರಿಸಬೇಕಿತ್ತು. ನಮ್ಮ ಸ್ವಿಚ್ಚುಗಳು ಸಿಸ್ಕೋ ಭಾಷೆಯವು. ಆ ಭಾಷೆಯಲ್ಲಿ 'ಈ ಪೋರ್ಟಿನಲ್ಲಿ ಬಿಡಬೇಕಾದ ಜಾಲ 40' ಎಂದು ಬರೆದರೆ, ಹಳೆಯ ಪಟ್ಟಿಯಷ್ಟೂ ಅಳಿಸಿಹೋಗಿ 40 ಒಂದೇ ಉಳಿಯುತ್ತದೆ. ಸಂಖ್ಯೆಯ ಮುಂಚೆ 'ಆಡ್' ಎಂಬ ಒಂದು ಪದ ಹಾಕಿದರೆ ಮಾತ್ರ ಹಳೆಯದರ ಜೊತೆಗೆ ಹೊಸದು ಸೇರುತ್ತದೆ. ಆಟೋ ಡ್ರೈವರಿಗೆ 'ನಾಳೆಯಿಂದ ಪುಟ್ಟಿಯನ್ನೂ ಕರೆದುಕೊಂಡು ಹೋಗು' ಎನ್ನುವುದಕ್ಕೂ 'ನಾಳೆಯಿಂದ ಪುಟ್ಟಿಯನ್ನು ಕರೆದುಕೊಂಡು ಹೋಗು' ಎನ್ನುವುದಕ್ಕೂ ಇರುವಷ್ಟೇ ವ್ಯತ್ಯಾಸ. ಎರಡನೆಯದನ್ನು ಅಕ್ಷರಶಃ ಪಾಲಿಸುವ ಡ್ರೈವರಾದರೆ ಉಳಿದ ಮಕ್ಕಳೆಲ್ಲ ರಸ್ತೆಬದಿಯಲ್ಲಿ ಚೀಲ ಹಿಡಿದು ನಿಂತಿರುತ್ತಾರೆ.

ಈ ಒಂದು ಪದ ಬಿಟ್ಟು ಇಡೀ ಕಚೇರಿಯ ಜಾಲವನ್ನು ಕೆಡವಿದ ಕಥೆಗಳು ಜಾಲದ ಕೆಲಸಗಾರರ ನಡುವೆ ಬೇಕಾದಷ್ಟಿವೆ. ದೂರದ ಸ್ವಿಚ್ಚಾದರೆ ಇನ್ನೂ ಚೆಂದ: ನೀವು ಅಲ್ಲಿಗೆ ಹೋಗಿದ್ದ ದಾರಿಯೂ ಅಳಿದುಹೋಗಿ, ಕೂತ ಕೊಂಬೆಯನ್ನೇ ಕಡಿದುಕೊಂಡಂತಾಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು, ಆದರೆ ಬೇಕೆಂದೇ ಹೇಳಿರಲಿಲ್ಲ. ಹುಡುಗ ಆಜ್ಞೆಯನ್ನು ಬರೆದ. 'ಆಡ್' ಇರಲಿಲ್ಲ. ಎಂಟರ್ ಕೀಲಿಯ ಮೇಲೆ ಬೆರಳಿಟ್ಟ. ತಡೆಯಲು ನಾನು ಕೈ ಎತ್ತಬೇಕು ಎನ್ನುವಷ್ಟರಲ್ಲಿ ಅವನೇ ಬೆರಳು ಹಿಂದೆಗೆದುಕೊಂಡ.

"ಮೇಡಂ, ಇಲ್ಲಿ ಬರೀ 40 ಅಂತ ಬರೆದ್ರೆ ಹಳೇ ಮೂರು ಉಳಿಯುತ್ತಾ?"

"ನಿಂಗೇನನ್ಸುತ್ತೆ?"

"ಉಳಿಯಲ್ಲ ಅನ್ಸುತ್ತೆ. ಮೂರನ್ನ ಬರೆದಾಗ್ಲೂ ಹಿಂಗೇ ಬರೆದಿದ್ವಿ. ಆಗ ಹಳೇದೆಲ್ಲಾ ಹೋಗಿ ಮೂರೇ ಉಳ್ಕೊಂಡಿತ್ತು. ಅಂದ್ಮೇಲೆ ಈಗ ನಲವತ್ತೇ ಉಳ್ಕೊಬೇಕಲ್ವಾ?"

ಆ ಹೊತ್ತು ನನಗೆ ಆದ ಸಂತೋಷ ಯಾವ ಫಲಿತಾಂಶದ ಪಟ್ಟಿಯನ್ನು ನೋಡಿದಾಗಲೂ ಆದದ್ದಲ್ಲ. ಬರೆದಿದ್ದನ್ನು ಅಳಿಸಿ, ಆಜ್ಞೆಯ ನಡುವೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೇಳಿದ. ಮುಂದೆ ಏನೇನು ಬರೆಯಬಹುದೆಂದು ಸ್ವಿಚ್ಚೇ ಪಟ್ಟಿ ಕೊಟ್ಟಿತು. ಅದರಲ್ಲಿ 'ಆಡ್' ಇತ್ತು. ಕೇಳಿದರೆ ಯಂತ್ರವೂ ಹೇಳಿಕೊಡುತ್ತದೆ. ಕೇಳುವ ಮನಸ್ಸಿರಬೇಕು, ಅಷ್ಟೆ.

ಅವತ್ತು ಅವನು ಇನ್ನೊಂದು ಪ್ರಶ್ನೆಯನ್ನೂ ಕೇಳಿದ. "ಎಲ್ಲಾ ಪೋರ್ಟನ್ನೂ ಟ್ರಂಕ್ ಮಾಡ್ಬಿಟ್ರೆ ಯಾರು ಎಲ್ಲಿ ಬೇಕಾದ್ರೂ ತಂತಿ ಚುಚ್ಬೋದಲ್ವಾ ಮೇಡಂ? ಬರೆದಿಟ್ಟುಕೊಳ್ಳೋ ತಾಪತ್ರಯನೇ ಇರಲ್ಲ." ಒಳ್ಳೆಯ ಪ್ರಶ್ನೆ. ನಮ್ಮ ಇಡೀ ಕೆಲಸದ ತಿರುಳು ಇದರ ಉತ್ತರದಲ್ಲಿದೆ. ಲ್ಯಾಬಿನ ಮೇಜಿನ ತಂತಿಯೂ ಟ್ರಂಕ್ ಆದರೆ, ಚೀಟಿ ಅಂಟಿಸಲು ಬಲ್ಲ ಯಾವ ಲ್ಯಾಪ್‌ಟಾಪಾದರೂ ತನ್ನ ಪೊಟ್ಟಣಕ್ಕೆ 10 ಎಂದು ತಾನೇ ಬರೆದುಕೊಂಡು ಕಚೇರಿಯೊಳಗೆ ಹೋಗಿ ನಿಲ್ಲುತ್ತದೆ. ಸ್ವಿಚ್ಚು ಚೀಟಿಯನ್ನು ನಂಬುತ್ತದೆ, ಬರೆದವರು ಯಾರೆಂದು ಕೇಳುವುದಿಲ್ಲ. ಆದ್ದರಿಂದ ಹಲವು ಜಾಲಗಳ ಪ್ರವೇಶವನ್ನು ಕೊಡಬೇಕಾದದ್ದು ಆಚೆ ತುದಿಯಲ್ಲಿ ಅವುಗಳನ್ನು ಬೇರೆಬೇರೆಯಾಗಿಯೇ ಇಡಬಲ್ಲ ಯಂತ್ರ ಇದ್ದಾಗ ಮಾತ್ರ: ಇನ್ನೊಂದು ಸ್ವಿಚ್ಚು, ರೂಟರು, ವೈಫೈ ಪೆಟ್ಟಿಗೆ. ಉಳಿದವರಿಗೆಲ್ಲ ಒಂದು ಪೋರ್ಟಿಗೆ ಒಂದೇ ಜಾಲ. ಕೆಲವು ಸ್ವಿಚ್ಚುಗಳ ಪೋರ್ಟಿಗೆ, ಎದುರಿನವರು ಕೇಳಿದರೆ ತಾನಾಗಿಯೇ ಟ್ರಂಕ್ ಆಗಲು ಒಪ್ಪಿಬಿಡುವ ಸ್ವಭಾವವಿರುತ್ತದೆ. ಅದನ್ನು ಮೊದಲು ನಿಲ್ಲಿಸಬೇಕು. ನಿಲ್ಲಿಸಿದೆವು.

ಚೀಟಿಯಿಲ್ಲದ ಪೊಟ್ಟಣದ ವಿಷಯವೂ ಒಂದಿದೆ. ಟೈ ಮರೆತು ಬಂದ ಮಗುವನ್ನು ಡ್ರೈವರು ಎಲ್ಲಿ ಇಳಿಸಬೇಕು? ಟ್ರಂಕ್ ಪೋರ್ಟಿನಲ್ಲಿ ಇಂಥ ಪೊಟ್ಟಣಗಳಿಗೆಂದೇ ಒಂದು ಜಾಲವನ್ನು ಗೊತ್ತು ಮಾಡಿರುತ್ತಾರೆ, ಅದಕ್ಕೆ ನೇಟಿವ್ ವಿಲ್ಯಾನ್ ಎಂದು ಹೆಸರು. ಏನೂ ಹೇಳದಿದ್ದರೆ ಅದು 1. ಎರಡು ತುದಿಯಲ್ಲಿ ಎರಡು ಬೇರೆ ಸಂಖ್ಯೆ ಇದ್ದರೆ ಒಂದು ಶಾಲೆಯ ಮಗು ಇನ್ನೊಂದು ಶಾಲೆಯಲ್ಲಿ ಇಳಿಯುತ್ತದೆ. ನಾವು ಎರಡೂ ತುದಿಗೆ ಯಾರೂ ಬಳಸದ 999ನ್ನು ಕೊಟ್ಟೆವು. ಗುರುತಿಲ್ಲದೆ ಬಂದವರು ಖಾಲಿ ಕೋಣೆಯಲ್ಲಿ ಕಾದಿರಲಿ ಎಂದು.

ಸೋಮವಾರ ಬೆಳಿಗ್ಗೆ ಪ್ರಿನ್ಸಿಪಾಲರು ತಾವೇ ಲ್ಯಾಬಿಗೆ ಬಂದರು. ಹುಡುಗ ಅವರೆದುರು ಅದೇ ಕಂಪ್ಯೂಟರಿನ ಮುಂದೆ ಕುಳಿತು, ಅದೇ ನೆಟ್‌ವರ್ಕ್ ಚಿತ್ರವನ್ನು ಒತ್ತಿದ. ಲ್ಯಾಬಿನ ಯಂತ್ರಗಳು ಮಾತ್ರ ಕಂಡವು. ಪರೀಕ್ಷಾ ವಿಭಾಗದ ವಿಳಾಸವನ್ನೇ ಬರೆದು ಕೂಗಿ ನೋಡಿದ. ನಾಲ್ಕು ಸಲ ಕೂಗಿದರೂ ಉತ್ತರವಿಲ್ಲ. ಗ್ರಂಥಾಲಯದ ಗುಮಾಸ್ತರ ಯಂತ್ರದಿಂದ ಕೂಗಿದರೆ ತಕ್ಷಣ ಉತ್ತರ ಬಂತು. ಎರಡೂ ಮಾತು ರಸ್ತೆ ದಾಟಬೇಕಾದದ್ದು ಅದೇ ಫೈಬರಿನಲ್ಲಿ. ಪ್ರಿನ್ಸಿಪಾಲರು ಏನೂ ಹೇಳಲಿಲ್ಲ, ಅವನ ಬೆನ್ನು ತಟ್ಟಿ ಹೋದರು. ಅವನು ಬರೆದುಕೊಟ್ಟಿದ್ದ ಪತ್ರ ಕಡತದಿಂದ ಯಾವಾಗ ಮಾಯವಾಯಿತೋ, ವರ್ಷದ ಕೊನೆಯಲ್ಲಿ ನೋಡಿದಾಗ ಅಲ್ಲಿರಲಿಲ್ಲ.

'ನೆಟ್‌ವರ್ಕಿಂಗ್ ಓದಿದರೆ ಕೆಲಸ ಸಿಗುತ್ತದೆಯೇ?' ಎಂದು ಪಾಲಕರು ಕೇಳುತ್ತಲೇ ಇರುತ್ತಾರೆ. ಆಸ್ಪತ್ರೆ, ಬ್ಯಾಂಕು, ಕಾರ್ಖಾನೆ, ಎಲ್ಲೆಲ್ಲೂ ಒಂದು ತಂತಿಯಲ್ಲಿ ಹತ್ತು ಜಾಲಗಳು ಓಡುತ್ತಿವೆ. ಅವನ್ನು ಬೆರೆಯದಂತೆ ನೋಡಿಕೊಳ್ಳುವವರು ಬೇಕೇ ಬೇಕು. ಕಲಿಯಲು ದುಬಾರಿ ಪೆಟ್ಟಿಗೆಗಳೂ ಬೇಕಿಲ್ಲ. ಪ್ಯಾಕೆಟ್ ಟ್ರೇಸರ್ ಎಂಬ ಅಭ್ಯಾಸದ ತಂತ್ರಾಂಶ ನೋಂದಾಯಿಸಿಕೊಂಡವರಿಗೆ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಎರಡು ಸ್ವಿಚ್ಚು, ನಾಲ್ಕು ಕಂಪ್ಯೂಟರು ಇಟ್ಟು, ನಡುವಿನ ಒಂದು ತಂತಿಯನ್ನು ಟ್ರಂಕ್ ಮಾಡಿ, ಎರಡು ಜಾಲ ಹಾಯಿಸಿ ನೋಡಿ. 'ಆಡ್' ಬಿಟ್ಟು ಏನಾಗುತ್ತದೆಂದೂ ನೋಡಿ. ಅಲ್ಲಿ ಯಾರ ಕಚೇರಿಯೂ ಕೆಡುವುದಿಲ್ಲ. ಮನೆಯ ವೈಫೈ ಪೆಟ್ಟಿಗೆಯಲ್ಲಿ ಅತಿಥಿಗಳಿಗೆಂದು ಇನ್ನೊಂದು ಹೆಸರಿಡುವ ಸೌಕರ್ಯವಿದ್ದರೆ ಅದನ್ನು ಹಾಕಿಕೊಡಲು ನಿಮ್ಮ ಮಗಳಿಗೋ ಮಗನಿಗೋ ಹೇಳಿ. ಬೇರ್ಪಡಿಸುವ ಪಾಠ ಅಲ್ಲಿಂದಲೇ ಶುರುವಾಗಲಿ.

ಇನ್ನೊಂದು ಮಾತನ್ನು ತಂದೆತಾಯಿಗಳಿಗೂ ಮೇಷ್ಟರುಗಳಿಗೂ ಸೇರಿಸಿ ಹೇಳುತ್ತೇನೆ. ತೆರೆದ ಬಾಗಿಲನ್ನು ಕಂಡ ಮಗುವನ್ನು ಕಳ್ಳನೆನ್ನುವ ಮೊದಲು ಬಾಗಿಲು ತೆರೆದಿದ್ದೇಕೆ ಎಂದು ಕೇಳಿ. ಹಾಗೆಯೇ ಮಕ್ಕಳಿಗೂ: ಬಾಗಿಲು ತೆರೆದಿದ್ದರೆ ಒಳಗೆ ಇಣುಕುವುದಕ್ಕಿಂತ ಮನೆಯವರನ್ನು ಕೂಗಿ ಹೇಳುವುದು ಲೇಸು. ಆ ಹುಡುಗ ಪಕ್ಕದವನಿಗೆ ಹೇಳುವ ಬದಲು ನಮಗೆ ಹೇಳಿದ್ದರೆ ಅವನ ತಂದೆಯ ಒಂದು ದಿನದ ಕೂಲಿ ಉಳಿಯುತ್ತಿತ್ತು. ಅವನಿಗೂ ಇದನ್ನು ಹೇಳಿದ್ದೇನೆ.

ಅವನೀಗ ಬೆಂಗಳೂರಿನಲ್ಲಿ ಜಾಲದ ಕೆಲಸದಲ್ಲೇ ಇದ್ದಾನೆ. ನಾನು 2022ರಲ್ಲಿ ನಿವೃತ್ತಳಾದೆ. ಹೊರಡುವ ದಿನ ಬೀಗದ ಕೈ ಒಪ್ಪಿಸುವ ಮುನ್ನ ಸ್ವಿಚ್ಚಿನ ಪೆಟ್ಟಿಗೆಯ ಬಾಗಿಲು ತೆರೆದು ನೋಡಿದೆ. ಒಳಬದಿಯಲ್ಲಿ ಅವನು ಅಂಟಿಸಿದ್ದ ಕಾಗದ ಇನ್ನೂ ಇತ್ತು: 24 ಪೋರ್ಟುಗಳ ಪಟ್ಟಿ, ಯಾವುದು ಯಾರದು, ಕೊನೆಯದು ಟ್ರಂಕ್, ಅದರೆದುರು ಬಿಡಬೇಕಾದ ಸಂಖ್ಯೆಗಳು. 10, 20, 30, 40 ಅವನ ಅಕ್ಷರದಲ್ಲಿ. ಆಮೇಲೆ ಸೇರಿದ 50 ಮತ್ತು 60, ನನಗೆ ಪರಿಚಯವಿಲ್ಲದ ಬೇರೆ ಇಬ್ಬರ ಅಕ್ಷರದಲ್ಲಿ. ಹಳೆಯ ಸಂಖ್ಯೆಗಳಲ್ಲಿ ಒಂದನ್ನೂ ಅವರು ಹೊಡೆದುಹಾಕಿರಲಿಲ್ಲ.